ಅಪ್‌ಡೇಟ್: ಮೌಂಟೇನ್ ಲೀಡರ್ ಅಸೆಸ್‌ಮೆಂಟ್ ಮುಗೀತು, ಆದ್ರೆ ಪಾಸ್ ಇನ್ನೂ ಇಲ್ಲ

ಕುಮಾರ ಪರ್ವತ, ಕುದುರೆಮುಖ ಹತ್ತಿದ್ದೇನೆ, ಬ್ರಿಟನ್ನಿನಲ್ಲಿ ಮೌಂಟೇನ್ ಲೀಡರ್ (ಬೆಟ್ಟಗಳಲ್ಲಿ ಗುಂಪು ಕರೆದೊಯ್ಯುವವರ ಅರ್ಹತೆ) ಆಗಲು ಅಷ್ಟು ಸಾಕಾ ಅಂತ ಇಲ್ಲಿ ಕೇಳಿದ್ದೆ. ಸಾಲದು, ಮೊದಲು ಲಾಗ್‌ಬುಕ್ (ಬೆಟ್ಟ ಹತ್ತಿದ ದಿನಗಳ ದಾಖಲೆ) ತುಂಬಿಸಿ ಎಂದಿದ್ದಿರಿ. ಸರಿಯಾಗೇ ಹೇಳಿದ್ದಿರಿ.

ತರಬೇತಿಗೆ ಮುಂಚೆ ಕನಿಷ್ಠ 20 ‘ಕ್ವಾಲಿಟಿ’ ದಿನ (ಬೆಟ್ಟದಲ್ಲಿ ನಾವೇ ದಾರಿ ಹುಡುಕಿಕೊಂಡು ನಡೆದ, ಲೆಕ್ಕಕ್ಕೆ ಬರುವ ದಿನ), ಅಸೆಸ್‌ಮೆಂಟಿಗೆ ಒಟ್ಟು 40. ಜೊತೆಗೆ ಟೆಂಟಿನ ರಾತ್ರಿಗಳು, 16 ಗಂಟೆಯ ಪ್ರಥಮ ಚಿಕಿತ್ಸೆ ಕೋರ್ಸ್. ತರಬೇತಿ ಆರಾಮಾಗಿ ಮುಗಿಯಿತು. ಐದು ದಿನದ ಅಸೆಸ್‌ಮೆಂಟ್ ಹಾಗಲ್ಲ.

ವೇಲ್ಸಿನ ಬೆಟ್ಟಸಾಲು ಸ್ನೋಡೋನಿಯಾ, ರಾತ್ರಿ ಹನ್ನೊಂದು, ದಟ್ಟ ಮಂಜು. ಮ್ಯಾಪಿನಲ್ಲಿ ಉಗುರಿನಷ್ಟಿದ್ದ ಒಂದು ಕಾಂಟೂರ್ (ಸಮಾನ ಎತ್ತರ ತೋರಿಸುವ ಗೆರೆ) ಸುತ್ತನ್ನು, ಅಂದ್ರೆ ಆ ಪುಟ್ಟ ದಿಬ್ಬವನ್ನು ಹುಡುಕಬೇಕಿತ್ತು. ಏನೂ ಕಾಣದಾಗ ದೂರ ಅಳೆಯೋದು ಹೆಜ್ಜೆ ಎಣಿಸಿಯೇ; ಸಮತಟ್ಟಲ್ಲಿ ನನಗೆ 100 ಮೀಟರಿಗೆ 64 ಜೋಡಿ ಹೆಜ್ಜೆ. ಜವುಗಿನಲ್ಲಿ ಮೊಣಕಾಲವರೆಗೆ ಹೂತುಹೋದಾಗ ಎಣಿಕೆ ತಪ್ಪಿತು. ಸುಮ್ನೆ ಒಪ್ಪಿಕೊಳ್ಳೋದು ಬಿಟ್ಟು "ಇಲ್ಲೇ ಇದ್ದೀವಿ" ಅಂದುಬಿಟ್ಟೆ. ಜಾಗ ಇದ್ದದ್ದು 150 ಮೀಟರ್ ಆಚೆ! ತಪ್ಪಿದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಜಾಸ್ತಿ ಹೊಡೆತ ಕೊಟ್ಟಿತು.

ಹಗ್ಗದ ಕೆಲಸ, ಗುಂಪು ನಡೆಸುವುದು ಎಲ್ಲ ಓಕೆ. ಹಾಗಾಗಿ ಫಲಿತಾಂಶ ‘ಡಿಫರ್’. ಅಂದ್ರೆ ನ್ಯಾವಿಗೇಶನ್ (ಮ್ಯಾಪ್ ನೋಡಿ ದಾರಿ ಹುಡುಕುವುದು) ಮಾತ್ರ ಮತ್ತೆ ತೋರಿಸಬೇಕು, ಐದೂ ದಿನ ಬೇಡ.

ಊರಲ್ಲಿ ದಾರಿ ತಪ್ಪಿದರೆ ಗೈಡ್ ಮುಖ ನೋಡುತ್ತಿದ್ದೆ. ಇಲ್ಲಿ ಆ ಗೈಡ್ ನಾನೇ ಅಲ್ವಾ. ಈಗ ಶನಿವಾರ ಕತ್ತಲಾದ ಮೇಲೆ ಮನೆ ಹತ್ತಿರದ ಗುಡ್ಡದಲ್ಲಿ ಹೆಜ್ಜೆ ಎಣಿಸುತ್ತಿದ್ದೇನೆ. ಕನ್ನಡದಲ್ಲೇ, ಜೋರಾಗಿ.