ಖೋಖೋ ಸೋತ್ಮೇಲೆ ಹುಡುಗೀರು ಒಬ್ಳ ಜೊತೆ ಮಾತೇ ಬಿಟ್ಟಿದಾರೆ, ಏನ್ ಮಾಡ್ಲಿ?

ಮೂಡಿಗೆರೆ ಪಿಟಿ ಮೇಷ್ಟ್ರು:
ತಾಲ್ಲೂಕು ಫೈನಲ್ಲಲ್ಲಿ ನಮ್ಮ ಹೈಸ್ಕೂಲ್ ಹುಡುಗೀರು ಒಂದೇ ಪಾಯಿಂಟಲ್ಲಿ ಸೋತ್ರು. ಕೊನೇ ನಿಮಿಷದಲ್ಲಿ ಒಬ್ಳು ಖೋ ಬೀಳೋಕ್ ಮುಂಚೆನೇ ಎದ್ಬಿಟ್ಲು, ಫೌಲು, ಇನ್ನೇನು ಸಿಕ್ಕೇಬಿಟ್ಲು ಅನ್ನೋ ರನ್ನರ್ ಜಾರ್ಕೊಂಡ್ಲು. ಅವತ್ತಿಂದ ಮಿಕ್ಕೋರು ಬಿಸಿಯೂಟಕ್ಕೂ ಅವಳ ಪಕ್ಕ ಕೂರ್ತಿಲ್ಲ, ಇವ್ಳು ನೋಡಿದ್ರೆ ಆಟನೇ ಬೇಡ ಸಾರ್ ಅಂತಾಳೆ. ಜೂನಿಂದ ಗ್ರೌಂಡು ನಾಟಿ ಗದ್ದೆ ಆಗಿದೆ, ನೆಟ್ಟಗೆ ಪ್ರಾಕ್ಟೀಸೂ ಆಗಿರ್ಲಿಲ್ಲ ಅನ್ನಿ.

ಹಾಸನದ ಹಳೇ ಚೇಸರ್:
ಸಾರ್ ಒಂದ್ ಮಾತು, ಬೇಜಾರ್ ಮಾಡ್ಕೋಬೇಡಿ, ಖೋ ಕೊಟ್ಟೋಳು ಯಾರು ಅಂತ ಕೇಳಿದ್ರಾ? ಹಿಂದಿನಿಂದ ಮುಟ್ಟಬೇಕು, ಜೊತೆಗೇ ಜೋರಾಗಿ ಕೂಗಬೇಕು. ಕೂಗಿ ಆಮೇಲೆ ಮುಟ್ಟಿದ್ರೆ ಕೂತೋಳು ಶಬ್ದಕ್ಕೇ ಎದ್ದುಬಿಡ್ತಾಳೆ, ಫೌಲ್ ಮಾತ್ರ ಅವಳ ತಲೆಗೆ. ಎಂಟು ಜನ ಒಬ್ರು ಆ ಕಡೆ ಒಬ್ರು ಈ ಕಡೆ ಮುಖ ಮಾಡ್ಕೊಂಡು ಕೂತಿರ್ತಾರೆ, ಬೆನ್ನ ಹಿಂದೆ ಏನಾಗ್ತಿದೆ ಅಂತ ಅವ್ಳಿಗೆ ಹೆಂಗೆ ಗೊತ್ತಾಗ್ಬೇಕು? ನಾವೂ ಹಾಸನಾಂಬ ಸ್ಟೇಡಿಯಮ್ಮಲ್ಲಿ ಆಡೋವಾಗ ಹಿಂಗೇ ಜಗಳ ಆಡ್ಕೊಂಡಿದ್ವಿ, ಆಗ ನಮ್ ಮೇಷ್ಟ್ರು ಎಲ್ರನ್ನೂ ಕಣ್ ಮುಚ್ಚಿ ಕೂರ್ಸಿ ಖೋ ಕೊಡ್ಸಿದ್ರು. ಯಾರ ಕೈ ಲೇಟು ಅಂತ ಹತ್ತೇ ನಿಮಿಷದಲ್ಲಿ ಬಯಲಾಯ್ತು, ನಂದೇ ಲೇಟು! ಕಾರಿಡಾರಲ್ಲೇ ಮಾಡಬಹುದು, ಮಳೆ ಬಂದ್ರೆ ಬರ್ಲಿ.

ಕಡೂರು ರೈಲು:
ನಮ್ಮೂರ ಕ್ರಿಕೆಟರ್ ವೇದಾ ಕೃಷ್ಣಮೂರ್ತಿ ಕಥೆ ಹೇಳಿ ಮಕ್ಳಿಗೆ. 2017ರ ವರ್ಲ್ಡ್‌ಕಪ್ ಫೈನಲ್, ಲಾರ್ಡ್ಸು, 229 ಹೊಡೀಬೇಕಿತ್ತು, 3 ವಿಕೆಟ್‌ಗೆ 191 ಇದ್ದೋರು 219ಕ್ಕೆ ಆಲೌಟು. ವೇದಾ 35 ಹೊಡ್ದು ಔಟಾದ್ರು, ಆಮೇಲೂ ಇಂಡಿಯಾಕ್ಕೆ ಆಡಿದ್ರು. ಅವತ್ತು ಒಬ್ರಿಂದ ಸೋತಿದ್ದಾ ಹೇಳಿ, ಅಷ್ಟು ವಿಕೆಟ್ ಬಿದ್ದಿದ್ದು ಎಷ್ಟ್ ಜನದ್ದು?

ಕಾಫಿ ತೋಟ:
ಕಥೆ ಎಲ್ಲ ಸರಿ, ಆ ಹುಡುಗಿ ಮನೇಗೆ ಒಂದ್ಸಲ ಹೋಗ್ಬನ್ನಿ ಸಾರ್. ಹೆಣ್ಮಕ್ಳು ಒಂದ್ಸಲ ಆಟ ಬಿಟ್ರೆ ಮನೇಲಿ ಮತ್ತೆ ಕಳ್ಸಲ್ಲ.

ಮೂಡಿಗೆರೆ ಪಿಟಿ ಮೇಷ್ಟ್ರು:
ಇವತ್ತು ಕಾರಿಡಾರಲ್ಲಿ ಕಣ್ಮುಚ್ಚಿ ಆಡ್ಸಿದೆ, ಗಲಾಟೆ ಜಾಸ್ತಿ ಅಂತ ಹೆಚ್ಚೆಮ್ ಬೈದ್ರು. ಆ ಹುಡುಗಿ ಒಂದ್ಸಲಾನೂ ಮುಂಚೆ ಏಳ್ಲಿಲ್ಲ. ಅವಳಿಗೆ ಮ್ಯಾಚಲ್ಲಿ ಖೋ ಕೊಟ್ಟಿದ್ದು ಕ್ಯಾಪ್ಟನ್ನು. ಇವತ್ತು ನಾಲ್ಕು ಸಲ ಅವ್ಳದ್ದೇ ಕೈ ಲೇಟು, ಸುಮ್ನೆ ನೆಲ ನೋಡ್ಕೊಂಡ್ ನಿಂತಿದ್ಲು. ಊಟಕ್ಕೆ ಇನ್ನೂ ಬೇರೆಬೇರೆನೇ ಕೂತ್ರು, ಆದ್ರೆ ಉಪ್ಪಿನಕಾಯಿ ಆ ಕಡೆ ಹೋಯ್ತು. ನಾಳೆ ಆ ಫೌಲ್ ಆದ ಹುಡುಗಿ ಮನೆ ಕಡೆ ಹೋಗ್ತೀನಿ.