ನಾಲ್ಕು ಊರಲ್ಲಿ ಕೂತು ಒಂದೇ ಹಾಡು ನುಡಿಸೋದು ಹೇಗೆ? ಲಯ ನಿಲ್ಲುತ್ತಲೇ ಇಲ್ಲ

ಮೂಡಿಗೆರೆ_ಗಿಟಾರ್:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ, ಹಾಸನದಲ್ಲಿ ಓದುವಾಗ ಕಾಲೇಜ್ ಡೇಗೆ ಒಟ್ಟಿಗೆ ನುಡಿಸುತ್ತಿದ್ದವರು. ಈಗ ನಾನು ಮೂಡಿಗೆರೆ ಹತ್ತಿರ ತೋಟದಲ್ಲಿದ್ದೇನೆ. ತಬಲಾದವನು ಹಾಸನದಲ್ಲೇ ಇದ್ದಾನೆ, ಹಾಡುವವಳು ಬೆಂಗಳೂರು, ಹಾರ್ಮೋನಿಯಂನವನು ಅರಸೀಕೆರೆ. ಹೆಸರು ಮಾಡಬೇಕು, ದುಡ್ಡು ಮಾಡಬೇಕು ಅಂತೇನಿಲ್ಲ. ಭಾನುವಾರ ರಾತ್ರಿ ಒಂದೆರಡು ಭಾವಗೀತೆ ನುಡಿಸಬೇಕು, ಚೆನ್ನಾಗಿ ಬಂದರೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು, ಅಷ್ಟೇ.

ವಿಡಿಯೊ ಕಾಲ್‌ನಲ್ಲಿ ಮೂರು ವಾರ ನೋಡಿದೆವು. ಚೆನ್ನಾಗಿ ಶುರುವಾದ ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಶವಯಾತ್ರೆ ಹೊರಟ ಹಾಗೆ ಆಗುತ್ತದೆ. ತಬಲಾದವನು ನನ್ನನ್ನು ಬೈಯುತ್ತಾನೆ, ನಾನು ಅವನನ್ನು. ಶ್ರುತಿಪೆಟ್ಟಿಗೆ ಹಾಕಿದರೆ ಹತ್ತು ಸೆಕೆಂಡಿಗೆ ಅದರ ಸದ್ದೇ ಮಾಯ. ನೆಟ್ ಫೈಬರ್, 50 ಎಂಬಿಪಿಎಸ್ ತೋರಿಸುತ್ತದೆ. ಇನ್ನೂ ದೊಡ್ಡ ಪ್ಲಾನ್ ಹಾಕಿಸಿದರೆ ಸರಿಹೋಗುತ್ತಾ?

ಬೇಸ್_ತಂತಿ (ಚಿಕ್ಕಮಗಳೂರು):
ಪ್ಲಾನ್ ಹಾಕಿಸಬೇಡಿ, ದುಡ್ಡು ದಂಡ. ಸ್ಪೀಡ್ ಬೇರೆ, ತಡ ಬೇರೆ. ಲಾರಿ ದೊಡ್ಡದಾದರೆ ಮೂಟೆ ಜಾಸ್ತಿ ಹಿಡಿಯುತ್ತದೆ, ಚಾರ್ಮಾಡಿ ಘಾಟಿ ಬೇಗ ಇಳಿಯುತ್ತದಾ? ಅಷ್ಟೇ ವಿಷಯ.

ಗಾಳಿಯಲ್ಲಿ ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ವೇದಿಕೆ ಮೇಲೆ ತಬಲಾದವರು ನಿಮ್ಮಿಂದ ಮೂರಡಿ ಆಚೆ ಕೂತರೆ 3 ಮಿಲಿಸೆಕೆಂಡ್ ತಡ, ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ಮೀಟರ್ ಆಚೆ ಕೂರಿಸಿದರೆ 30ರ ಹತ್ತಿರ, ಕಷ್ಟ ಶುರುವಾಗೋದು ಅಲ್ಲಿಂದ. ವಿಡಿಯೊ ಕಾಲ್‌ನಲ್ಲಿ 150 ಆಗೋದು ಮಾಮೂಲು. ಅಂದರೆ ನೀವು ಆಟದ ಮೈದಾನದ ಈ ತುದಿ, ತಬಲಾ 50 ಮೀಟರ್ ಆಚೆ ಆ ತುದಿ. ಅವರು ನಿಮಗೆ ಕಾಯುತ್ತಾರೆ, ನೀವು ಅವರಿಗೆ ಕಾಯುತ್ತೀರಿ, ಇಬ್ಬರೂ ಕಾದು ಕಾದು ಲಯ ಎಳೆಯುತ್ತದೆ. ತಪ್ಪು ಇಬ್ಬರದ್ದೂ ಅಲ್ಲ, ಜಗಳ ನಿಲ್ಲಿಸಿ.

ಶ್ರುತಿಪೆಟ್ಟಿಗೆ ಮಾಯ ಆಗೋದು ಯಾಕೆ ಅಂದರೆ, ಒಂದೇ ಸಮ ಬರುವ ಸದ್ದನ್ನು ಆ ಆ್ಯಪ್‌ಗಳು ಫ್ಯಾನ್ ಅಂದುಕೊಂಡು ಕತ್ತರಿಸುತ್ತವೆ. ಜೂಮ್‌ನಲ್ಲಾದರೆ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಶ್ರುತಿ ಉಳಿಯುತ್ತದೆ, ತಡ ಮಾತ್ರ ಹಾಗೇ ಇರುತ್ತದೆ.

ಲೈವ್ ಬೇಕೇ ಬೇಕು ಅಂದರೆ ತಡ ಕಡಿಮೆ ಮಾಡಿ ಒಟ್ಟಿಗೆ ನುಡಿಸಲೆಂದೇ ಇರುವ ಜಾಮ್ಯುಲಸ್ ಅಥವಾ ಸೋನೋಬಸ್ ಆ್ಯಪ್ ಹಾಕಿ, ಎರಡೂ ಫ್ರೀ. ಆದರೆ ನಾಲ್ಕೂ ಜನ ವೈಫೈ ಬಿಟ್ಟು ರೌಟರ್‌ನಿಂದ ಕೇಬಲ್ ಎಳೆಯಬೇಕು. ಬ್ಲೂಟೂತ್ ಹೆಡ್‌ಫೋನ್ ಮುಟ್ಟಲೇಬೇಡಿ, ಎಷ್ಟೋ ಸಲ ಅದೊಂದೇ 100ಕ್ಕಿಂತ ಜಾಸ್ತಿ ನುಂಗುತ್ತದೆ. ವಿಂಡೋಸ್ ಆದರೆ ಸದ್ದಿನ ತಡ ತಗ್ಗಿಸುವ ಆಸಿಯೋ ಡ್ರೈವರ್ ಹಾಕಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್ ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್, 1024 ಇಟ್ಟಿದ್ದರೆ 21, ಅಂದರೆ ಹಾಡು ಮನೆ ಬಾಗಿಲು ದಾಟುವ ಮೊದಲೇ ನಿಮ್ಮ ಪಾಲು ಖರ್ಚಾಯಿತು. ಊರು ದೂರ ಅನ್ನುವ ಚಿಂತೆ ಬೇಡ. ಫೈಬರ್‌ನಲ್ಲಿ ಬೆಳಕು 1 ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ, ಹಾಸನದಿಂದ ಬೆಂಗಳೂರಿಗೆ ಅಷ್ಟೂ ಇಲ್ಲ.

ಧಾ_ಧಿಂ_ಧಿಂ_ಧಾ (ಹಾಸನ):
ಲೋ, ಇಲ್ಲಿಗೂ ಬಂದು ನನ್ನ ಮೇಲೆ ದೂರು ಹೇಳುತ್ತಿದ್ದೀಯಾ? ಆ ತಬಲಾದವನು ನಾನೇ ಸ್ವಾಮಿ. ಮೂರು ವಾರವೂ ನೀನು ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡೇ ಕೂತಿದ್ದೆ ಅನ್ನೋದನ್ನು ಯಾಕೆ ಬರೆದಿಲ್ಲ?

ಮೂಡಿಗೆರೆ_ಗಿಟಾರ್:
ಅದು ಒಳ್ಳೇ ಹೆಡ್‌ಫೋನ್ ಕಣೋ, ನಾಲ್ಕು ಸಾವಿರ ಕೊಟ್ಟಿದ್ದೇನೆ 😅

ಕೈತಾಳ (ಬೇಲೂರು):
ನನಗೆ 62 ವಯಸ್ಸು. ನಮ್ಮ ಭಜನೆ ಮಂಡಳಿಯವರು ಮಕ್ಕಳ ಮನೆ ಅಂತ ಬೇರೆ ಬೇರೆ ಊರು ಸೇರಿದ ಮೇಲೆ ನಾವೂ ನಿಮ್ಮ ಹಾಗೇ ಒದ್ದಾಡಿ ಲೈವ್ ಆಸೆ ಬಿಟ್ಟೆವು. ಈಗ ಒಬ್ಬರಾದ ಮೇಲೆ ಒಬ್ಬರು ರೆಕಾರ್ಡ್ ಮಾಡುತ್ತೇವೆ. ನೀವೂ ಅದನ್ನೇ ಮಾಡಿ.

ಎಲ್ಲಕ್ಕಿಂತ ಮೊದಲು ಹಾರ್ಮೋನಿಯಂನವರಿಗೆ ಫೋನ್ ಮಾಡಿ ಷಡ್ಜ ಒಂದನ್ನೇ ಹತ್ತು ಸೆಕೆಂಡ್ ಹಿಡಿದು ಕಳಿಸಲು ಹೇಳಿ. ಹಳೇ ಪೆಟ್ಟಿಗೆಗಳು ಎಷ್ಟೋ ಸಲ ಟ್ಯೂನರ್‌ಗಳ ಅಳತೆಯಾದ 440 ಹರ್ಟ್ಸ್‌ಗೆ ಸರಿಯಾಗಿ ನಿಂತಿರುವುದಿಲ್ಲ, ನಮ್ಮದು ಒಂದು ಕೂದಲೆಳೆ ಮೇಲಿದೆ. ಗಿಟಾರ್ ಬಿರಡೆ ತಿರುಗಿಸಬಹುದು, ತಬಲಾಗೆ ಸುತ್ತಿಗೆ ಇದೆ, ಗಂಟಲು ಹೇಗೂ ಬಗ್ಗುತ್ತದೆ. ಹಾರ್ಮೋನಿಯಂ ರೀಡು ಬಗ್ಗುವುದಿಲ್ಲ. ಅದಕ್ಕೆ ಎಲ್ಲರೂ ಹೋಗಿ ಅದಕ್ಕೇ ಸೇರಬೇಕು, ತಂಬೂರಿ ಆ್ಯಪ್ ಕೂಡ. ನಮ್ಮ ಮೊದಲ ಹಾಡಿಗೆ ಇದು ಹೊಳೆಯಲಿಲ್ಲ. ಕೊಳಲಿನವರು ಬೇರೆ ಪುಷ್ಯಮಾಸದ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ನುಡಿಸಿ ಕಳಿಸಿದ್ದರು. ಕೊಳಲು ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ಮೇಲೆ, ಕೊಳಲು ಕೆಳಗೆ, ನಡುವೆ ನನ್ನ ಗಂಟಲು. ಮನೆಯವರು ಅಡುಗೆಮನೆಯಿಂದಲೇ “ಏನ್ರೀ ಅದು, ಮೊದಲು ಆಫ್ ಮಾಡಿ” ಅಂದರು.

ಶ್ರುತಿ ಸೇರಿದ ಮೇಲೆ, ಹಾಡುವವರು ಕೈಯಲ್ಲಿ ತಾಳ ಹಾಕುತ್ತ ಕಚ್ಚಾ ಒಂದು ಹಾಡಿ ಕಳಿಸಲಿ. ಅದರ ಮೇಲೆ ತಬಲಾ, ಆಮೇಲೆ ಉಳಿದವರು.

ಬೇಸ್_ತಂತಿ:
ಸಾರ್, ಷಡ್ಜದ ಮಾತು ಬಂಗಾರ. ಕೈತಾಳ ಮಾತ್ರ ಒಪ್ಪುವುದಿಲ್ಲ, ಕ್ಲಿಕ್ (ಮೆಟ್ರೊನೋಮ್‌ನ ಟಿಕ್ ಟಿಕ್) ಬೇಕೇ ಬೇಕು. ಎರಡನೇ ಚರಣದಲ್ಲಿ ಗಿಟಾರ್ ತಪ್ಪಿದರೆ ಕ್ಲಿಕ್ ಇದ್ದಾಗ ಮೊದಲನೇ ಚರಣದ್ದನ್ನೇ ಕತ್ತರಿಸಿ ಅಂಟಿಸಬಹುದು. ಕೈತಾಳದಲ್ಲಿ ಎರಡು ಚರಣ ಒಂದೇ ಅಳತೆ ಇರುವುದಿಲ್ಲ.

ಕೈತಾಳ:
ಇರಬಾರದು ಅಂತಲೇ ಹಾಡುವುದು. ಚರಣ ಮುಗಿಸಿ ಪಲ್ಲವಿಗೆ ಬರುವಾಗ ಒಂದು ಉಸಿರು ನಿಲ್ಲುತ್ತೇವಲ್ಲ, ನಿಮ್ಮ ಟಿಕ್ ಟಿಕ್ ಅದಕ್ಕೆ ಜಾಗ ಕೊಡುವುದಿಲ್ಲ. ಅಂಟಿಸಿದ ಹಾಡು ಅಂಟಿಸಿದ ಹಾಗೇ ಕೇಳುತ್ತದೆ.

ಅರೆಬರೆ_ಕೀಬೋರ್ಡ್ (ಸಕಲೇಶಪುರ):
ನೆಟ್‌ನಲ್ಲಿ ಒಟ್ಟಿಗೆ ನುಡಿಸಲು ನಿಂಜಾಮ್ ಅನ್ನೋ ಸಾಫ್ಟ್‌ವೇರ್ ಇದೆ, ಯಾರೂ ಅದರ ಹೆಸರು ಎತ್ತಲಿಲ್ಲವಲ್ಲ. ಅದು ತಡ ಕಡಿಮೆ ಮಾಡಲು ಹೋಗುವುದೇ ಇಲ್ಲ, ಪೂರ್ತಿ ಒಂದು ಆವರ್ತನದಷ್ಟು (ತಾಳದ ಒಂದು ಸುತ್ತಿನಷ್ಟು) ಜಾಸ್ತಿ ಮಾಡಿಬಿಡುತ್ತದೆ. 16 ಮಾತ್ರೆ, ನಿಮಿಷಕ್ಕೆ 80ರ ವೇಗ ಅಂದರೆ 12 ಸೆಕೆಂಡ್. ನಿಮ್ಮ ಗೆಳೆಯ ಹೋದ ಸುತ್ತಿನಲ್ಲಿ ನುಡಿಸಿದ್ದನ್ನು ನೀವು ಈ ಸುತ್ತಿನಲ್ಲಿ ಕೇಳುತ್ತ ನುಡಿಸುತ್ತೀರಿ, ಸಮ (ತಾಳದ ಮೊದಲ ಪೆಟ್ಟು) ಮಾತ್ರ ಸಮಕ್ಕೇ ಬೀಳುತ್ತದೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ. ಭಾವಗೀತೆಗೆ ಆಗದು, ಚರಣ ಬದಲಾದಾಗ ಕಲಸುಮೇಲೋಗರ. ಒಂದೇ ರಾಗ ಹಿಡಿದು ಸುಮ್ನೆ ಸುತ್ತು ಹೊಡೆಯಲು ಮಜಾ ಇದೆ.

ಧಾ_ಧಿಂ_ಧಿಂ_ಧಾ:
ಸಾರ್ ಮತ್ತು ಬೇಸ್ ಅವರೇ, ಇಬ್ಬರ ಮಾತೂ ಬಿಡಲು ಆಗುತ್ತಿಲ್ಲ. ಟಿಕ್ ಟಿಕ್ ಕೇಳಿಕೊಂಡು ಹಾಡು ಅಂದರೆ ನಮ್ಮವಳು ಫೋನ್ ಎಸೆಯುತ್ತಾಳೆ. ಹೀಗೆ ಮಾಡಿದರೆ? ನಾನು ಕ್ಲಿಕ್ ಕೇಳಿಕೊಂಡು ಬರೀ ಕೆಹರ್ವಾ ತಾಳದ ಠೇಕಾ (ಮೂಲ ಬೋಲು) ಬಾರಿಸಿ ಕಳಿಸುತ್ತೇನೆ. ಅವಳು ಕ್ಲಿಕ್ ಕೇಳೋದು ಬೇಡ, ಠೇಕಾ ಕೇಳಿ ಹಾಡಲಿ. ಅವಳ ಹಾಡು ಬಂದ ಮೇಲೆ ನನ್ನ ಮೊದಲಿನದನ್ನು ಎಸೆದು ಪೂರ್ತಿ ಹೊಸದಾಗಿ ನುಡಿಸುತ್ತೇನೆ. ಹಾಡು ಕೇಳದೆ ತಿಹಾಯಿ (ಮೂರು ಸಲ ಬಾರಿಸಿ ಮುಗಿಸುವ ಬೋಲು) ಎಲ್ಲಿ ಹಾಕೋದು, ಎಲ್ಲಿ ಸುಮ್ಮನಿರೋದು ಅಂತ ನನಗಾದರೂ ಹೇಗೆ ಗೊತ್ತಾಗಬೇಕು?

ಬೇಸ್_ತಂತಿ:
ಪಲ್ಲವಿಗೆ ಮುಂಚೆ ಒಂದು ಆವರ್ತನ ಖಾಲಿ ಬಿಟ್ಟು ಠೇಕಾ ಬಾರಿಸಿ, ಸಾರ್ ಹೇಳಿದ ಉಸಿರಿಗೂ ಜಾಗ ಆಯಿತು. ನಾನು ಸೋತೆ.

ಎರಡು ಮಾತು ಮರೆಯಬೇಡಿ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಿ, ವಾಯ್ಸ್ ಮೆಸೇಜ್ ಮಾಡಿದರೆ ಹಿಂಡಿ ಹಿಪ್ಪೆ ಮಾಡುತ್ತದೆ. 24 ಬಿಟ್, 48 ಕಿಲೋಹರ್ಟ್ಸ್, ಮೋನೊ ಇದ್ದರೆ ನಿಮಿಷಕ್ಕೆ ಸುಮಾರು 8.6 ಎಂಬಿ, ಐದು ನಿಮಿಷದ ಹಾಡು 43 ಎಂಬಿ, ನಿಮ್ಮ ಈಗಿನ ಪ್ಲಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನೊಂದು, ಮೂರನೇ ನಿಮಿಷದಲ್ಲಿ ನುಡಿಸೋಕೆ ಶುರುಮಾಡಿದರೂ ಫೈಲ್ ಸೊನ್ನೆಯಿಂದಲೇ ಇರಬೇಕು. ಮುಂದಿನ ಖಾಲಿ ಜಾಗ ಸುಮ್ನೆ ಯಾಕೆ ಅಂತ ಕತ್ತರಿಸಿದಿರೋ, ಕೂಡಿಸುವವರು ನಿಮ್ಮ ಹೆಸರು ಹಿಡಿದು ಬೈಯುತ್ತಾರೆ.

ಮೂಡಿಗೆರೆ_ಗಿಟಾರ್:
ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಷಡ್ಜ ಮೊದಲು ಬಂತು, ಕೈತಾಳ ಸಾರ್ ಹೇಳಿದ ಹಾಗೇ ಮೇಲಿತ್ತು. ಆರೂ ತಂತಿ ಏರಿಸಿದೆ. ಠೇಕಾ ಬಂತು, ಹಾಡು ಬಂತು. ಅವಳು ಒಂದೇ ಸಲಕ್ಕೆ ಹಾಡಿ ಕಳಿಸಿದ್ದಾಳೆ, ಆ ಖಾಲಿ ಆವರ್ತನದಲ್ಲಿ ಉಸಿರು ಎಳೆದುಕೊಳ್ಳೋದು ಕೇಳಿಸುತ್ತದೆ. ಅದನ್ನು ತೆಗೆಯಬೇಡ ಅಂತ ಹೇಳಿದ್ದೇನೆ.

ನನ್ನದೇ ಗೋಳು. ನಮ್ಮ ಮನೆಗೆ ಮುಂದೆ ಹೆಂಚು, ಹಿಂದೆ ಶೀಟು. ಮಳೆ ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಕರೆಂಟ್ ಇರುವುದಿಲ್ಲ. ಮಂಚದ ಮೇಲೆ ಕೂತು ತಲೆ, ಗಿಟಾರ್, ಮೈಕು ಮೂರನ್ನೂ ಸೇರಿಸಿ ರಗ್ಗು ಹೊದ್ದುಕೊಂಡು ನುಡಿಸಿದೆ. ಅಜ್ಜಿ ಬಾಗಿಲಿಂದ ನೋಡಿ ಜ್ವರ ಅಂದುಕೊಂಡು ಕಷಾಯ ಮಾಡಿ ತಂದರು. ಕೊನೆಗೆ ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅರ್ಧ ಗಂಟೆ ಮಳೆ ನಿಂತಿತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಮುಗಿಸಿದೆ. ಕೇಳಿ ನೋಡಿದರೆ ಶುರುವಿಂದ ಕೊನೆವರೆಗೂ ಜೀರುಂಡೆ. ತಬಲಾದವನಿಗೆ ಹೇಳಿದ್ದಕ್ಕೆ, ಇರಲಿ ಬಿಡು, ನಿನಗಿಂತ ಅದೇ ಶ್ರುತಿಯಲ್ಲಿದೆ ಅಂದ.

ಈಗ ಹಾರ್ಮೋನಿಯಂ ಒಂದೇ ಬಾಕಿ. ಅರಸೀಕೆರೆಯಲ್ಲಿ ಮಳೆಯೂ ಇಲ್ಲ, ಏನು ನೆಪ ಹೇಳುತ್ತಾನೋ ನೋಡೋಣ.