ಆಕಾಶನೌಕೆಯ ಎಂಜಿನ್‌ಗೆ ನೀಲಿ ಲೈಟಾ, ಕಿತ್ತಳೆಯಾ?

ಡೊಂಬಿವಲಿ ಪ್ರಸನ್ನ:
ಎರಡು ವರ್ಷದಿಂದ ಭಾನುವಾರ ಭಾನುವಾರ ಕಟ್ಟುತ್ತಿದ್ದ ಆಕಾಶನೌಕೆಯ ಮಾಡೆಲ್ ಮುಗಿಯುತ್ತಾ ಬಂತು. ಯಾವ ಸಿನಿಮಾದ್ದೂ ಅಲ್ಲ, ನನ್ನದೇ ಕಲ್ಪನೆ. 60 ಸೆಂಟಿಮೀಟರ್ ಉದ್ದ, ಮೈಯೆಲ್ಲ 1 ಎಂಎಂ ಸ್ಟೈರೀನ್ ಪ್ಲಾಸ್ಟಿಕ್ ಶೀಟು. ಹಿಂದೆ ಮೂರು ಎಂಜಿನ್. ಕೆಮ್ಮಿನ ಸಿರಪ್ ಜೊತೆ ಕೊಡುವ ಅಳತೆ ಕಪ್ ಇದೆಯಲ್ಲ, ಅದರ ತಳ ಕತ್ತರಿಸಿ ನಾಝಲ್, ಅಂದರೆ ಬೆಂಕಿ ಹೊರಬರುವ ಬಾಯಿ, ಮಾಡಿದ್ದೇನೆ. ಒಂದೊಂದರ ಒಳಗೆ 5 ಎಂಎಂ ನೀಲಿ ಎಲ್‌ಇಡಿ. ನಿನ್ನೆ ರಾತ್ರಿ ಮನೆ ಲೈಟೆಲ್ಲ ಆರಿಸಿ ಹಚ್ಚಿ ನೋಡಿದೆ. ಹೆಂಡತಿ, "ಗಣಪತಿ ಮಂಟಪದ ಸೀರಿಯಲ್ ಸೆಟ್ ಹಾಗಿದೆ" ಅಂದಳು. ಬೇಜಾರಾಯಿತು, ಯಾಕೆಂದರೆ ಅದು ನಿಜ. ನೀಲಿ ತೆಗೆದು ಕಿತ್ತಳೆ ಹಾಕಲಾ?

ಪುಣೆ ಗಿರೀಶ:
ಮೊದಲು ನಿಮ್ಮ ನೌಕೆಯ ಇಂಧನ ಯಾವುದು ಅಂತ ಹೇಳಿ. ಸೀಮೆಎಣ್ಣೆ ಸುಡುವ ರಾಕೆಟ್ಟಿನ ಜ್ವಾಲೆ ಹಳದಿ-ಕಿತ್ತಳೆ. ಅದರಲ್ಲಿರುವ ಮಸಿ ಕಾದು ಹೊಳೆಯುತ್ತದೆ. ಮೀಥೇನ್ ಆದರೆ ನೀಲಿ-ನೇರಳೆ. ಇಸ್ರೋದ ಸಿಇ-20 ಥರ ದ್ರವ ಹೈಡ್ರೋಜನ್ ಸುಡುವ ಎಂಜಿನ್ ಆದರೆ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಸಿನಿಮಾದವರಿಗೆ ಇಷ್ಟವಾದ ನೀಲಿ ಕ್ಸೆನಾನ್ ಅನಿಲವನ್ನು ವಿದ್ಯುತ್ತಿನಿಂದ ಚಿಮ್ಮಿಸುವ ಅಯಾನ್ ಎಂಜಿನ್‌ನಲ್ಲಿ ಇದೆ, ಸರಿ. ಆದರೆ ಅದು ತಳ್ಳುವ ಬಲ ಅಂಗೈ ಮೇಲೆ ಒಂದೆರಡು ಕಾಗದದ ಹಾಳೆ ಇಟ್ಟಷ್ಟು. ನಿಮ್ಮ ನೌಕೆ ನೋಡಿದರೆ ಸರಕು ಲಾರಿ ಥರ ಇದೆ. ಕಿತ್ತಳೆಯೇ ಹಾಕಿ.

ಮಾಟುಂಗಾ ಶಾರದಾ:
ಗಿರೀಶ್, ಪಾಠ ಚೆನ್ನಾಗಿದೆ. ಆದರೆ ಕಿತ್ತಳೆ ಹಾಕಿದರೆ ಕಿತ್ತಳೆ ಸೀರಿಯಲ್ ಸೆಟ್ ಆಗುತ್ತದೆ, ಅಷ್ಟೇ.

ಪ್ರಸನ್ನ, ದೀಪಾವಳಿ ಕಂದೀಲು ನೆನಪು ಮಾಡಿಕೊಳ್ಳಿ. ಬಲ್ಬು ನಡುವೆ ತೂಗುತ್ತಿದ್ದರೆ ಕಾಗದ ಪೂರ್ತಿ ಒಂದೇ ಸಮ ಬೆಳಗುತ್ತದೆ. ಗಾಳಿಗೆ ವಾಲಿ ಕಾಗದಕ್ಕೆ ತಾಗಿತೋ, ಅಲ್ಲೊಂದು ಉರಿಯುವ ಚುಕ್ಕಿ, ಉಳಿದದ್ದೆಲ್ಲ ಮಂಕು. ನಿಮ್ಮ ನಾಝಲ್‌ನಲ್ಲಿ ಆಗಿರುವುದು ಅದೇ. ಎಲ್‌ಇಡಿ ಬಾಯಿಗೇ ಬಂದು ಕೂತಿದೆ. ಅದನ್ನು 3 ಸೆಂಟಿಮೀಟರ್ ಹಿಂದಕ್ಕೆ ತಳ್ಳಿ. ಅದರ ತಲೆಯನ್ನು 400 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಮಂಜು ಮಾಡಿ. ನಡುವೆ ಬಟರ್ ಪೇಪರ್ ಬಿಲ್ಲೆ. ಒಂದು ಸಾಲದಿದ್ದರೆ ಎರಡು. ಇಷ್ಟು ಮಾಡಿ ನೋಡಿ, ಆಮೇಲೆ ಬಣ್ಣದ ಜಗಳ.

ವಾಸ್ಕೋ ಶೆಟ್ಟಿ:
ಶಾರದಕ್ಕ ಹೇಳಿದ್ದು ಸರಿ. ಆದರೆ ಅಷ್ಟು ಹಿಂದೆ ಹಾಕಿ ಮೇಲೆ ಪೇಪರ್ ಇಟ್ಟರೆ ಬೆಳಕು ಸಾಲುವುದಿಲ್ಲ ಮಾರಾಯ್ರೆ. ಹಾಗಂತ ನನ್ನ ಹಾಗೆ 1 ವ್ಯಾಟ್ ಎಲ್‌ಇಡಿ ಮಾತ್ರ ಹಾಕಬೇಡಿ. ಇಲ್ಲಿ ಗೋವಾದಲ್ಲಿ ದೀಪಾವಳಿಗೆ ಮಾಡುವ ನರಕಾಸುರನ ಬೊಂಬೆಯ ಕಣ್ಣಿಗೆ ಹಾಕಿ ಉಳಿದದ್ದು ಇತ್ತು, ಅದನ್ನೇ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇಲ್ಲದೆ ಮಾಡೆಲ್ ಒಳಗೆ ಕೂರಿಸಿದೆ. ಅರ್ಧ ಗಂಟೆಗೆ ನಾಝಲ್ ಬಿಸಿಲಿಗಿಟ್ಟ ಮೇಣದಬತ್ತಿ ಥರ ತಲೆ ಬಾಗಿಸಿತ್ತು. ಸ್ಟೈರೀನ್ 100 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಸಣ್ಣ ಎಲ್‌ಇಡಿಗಳನ್ನೇ ಮೂರು ಮೂರು ಹಾಕಿ.

ಇನ್ನೊಂದು ಮಾತು. ಆ ಸಿರಪ್ ಕಪ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಬಣ್ಣ ಹಿಡಿಯುವುದಿಲ್ಲ, ಉಗುರಲ್ಲಿ ಕೆರೆದರೆ ಸಿಪ್ಪೆ ಏಳುತ್ತದೆ. ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು ಆಮೇಲೆ ಬಣ್ಣ.

ಡೊಂಬಿವಲಿ ಪ್ರಸನ್ನ:
ಹೇಳಲು ಮರೆತೆ. ಅಂಗೈ ಹಿಂದೆ ಟಾರ್ಚ್ ಹಿಡಿದ ಹಾಗೆ ನೌಕೆಯ ಮೈಯೂ ನೀಲಿಯಾಗಿ ಹೊಳೆಯುತ್ತಿದೆ. ಮತ್ತೆ, ಮೂರೂ ಎಲ್‌ಇಡಿಗೆ ಸೇರಿ ಒಂದೇ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಬಿಡಿಭಾಗ) ಹಾಕಿದ್ದೇನೆ. ಒಂದು ಜಾಸ್ತಿ ಉರಿಯುತ್ತೆ, ಒಂದು ಕಡಿಮೆ.

ಮಾಟುಂಗಾ ಶಾರದಾ:
ಉರಿಯದೆ ಇನ್ನೇನು! ಎರಡು ಎಲ್‌ಇಡಿ ತದ್ವತ್ ಒಂದೇ ಥರ ಇರಲ್ಲ. ಪ್ಯಾರಲಲ್‌ನಲ್ಲಿ ಹಾಕಿದರೆ ಕಡಿಮೆ ವೋಲ್ಟಿಗೆ ಹತ್ತುವುದು ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಹಾಕಿ. ಮೊಬೈಲ್ ಚಾರ್ಜರ್‌ನ 5 ವೋಲ್ಟ್‌ನಲ್ಲಿ ಎಲ್‌ಇಡಿಗೆ ಸುಮಾರು 3.2 ಹೋದರೆ ಉಳಿಯುವುದು 1.8. ಅದನ್ನು 15 ಮಿಲಿಆಂಪ್‌ನಿಂದ ಭಾಗಿಸಿ, 120 ಓಮ್. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದರೆ ಚಿಲ್ಲರೆ ದುಡ್ಡಿಗೆ ಬರುತ್ತದೆ.

ಮೈ ಹೊಳೆಯುವುದಕ್ಕೆ ಒಳಗಡೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ. ಕಪ್ಪು ಬೆಳಕನ್ನು ತಡೆಯುತ್ತೆ, ಬಿಳಿ ವಾಪಸ್ ನಾಝಲ್ ಕಡೆ ಕಳಿಸುತ್ತೆ. ಈ ಮಳೆಯಲ್ಲಿ ಮಾತ್ರ ಸ್ಪ್ರೇ ಹೊಡೆಯಬೇಡಿ, ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಬ್ರಷ್ ಸಾಕು, ಒಳಗೆ ಯಾರು ನೋಡುತ್ತಾರೆ?

ಠಾಣೆ ವಿನಯ:
ಅರ್ಡ್ವಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಹಾಕಿ ಸ್ವಲ್ಪ ಮಿಣುಕಿಸಿದರೆ ಜೀವ ಬರುತ್ತೆ ಅಲ್ವಾ?

ವಾಸ್ಕೋ ಶೆಟ್ಟಿ:
ಮಿಣುಕುವ ಎಂಜಿನ್ ಅಂದರೆ ಕೆಟ್ಟ ಎಂಜಿನ್. ಅದೂ ಅಲ್ಲದೆ ಅರ್ಡ್ವಿನೊ ಮಾಮೂಲಿಯಾಗಿ ಸೆಕೆಂಡಿಗೆ ಸುಮಾರು 490 ಸಲ ಹಚ್ಚಿ ಆರಿಸಿಯೇ ಬೆಳಕು ಕಡಿಮೆ ಮಾಡುವುದು. ಕಣ್ಣಿಗೆ ಗೊತ್ತಾಗಲ್ಲ. ಮೊಬೈಲಲ್ಲಿ ವಿಡಿಯೊ ತೆಗೆದರೆ ಅಡ್ಡಪಟ್ಟೆ ಓಡುತ್ತದೆ.

ಪುಣೆ ಗಿರೀಶ:
ಬಣ್ಣದ ವಿಷಯ ಇನ್ನೂ ಮುಗಿದಿಲ್ಲ. ಆದರೆ ಒಂದು ಒಪ್ಪುತ್ತೇನೆ. ಕಂಪ್ಯೂಟರ್ ಗ್ರಾಫಿಕ್ಸ್ ಬರುವ ಮೊದಲು ಮಾಡೆಲ್ ಇಟ್ಟು ಶೂಟ್ ಮಾಡುತ್ತಿದ್ದಾಗ ನೌಕೆಯ ಮೈಯನ್ನು ಒಂದು ಸಲ, ಅದೇ ಕ್ಯಾಮೆರಾ ಚಲನೆಯಲ್ಲಿ ಎಂಜಿನ್ ಬೆಳಕನ್ನು ಮಾತ್ರ ಇನ್ನೊಂದು ಸಲ ತೆಗೆದು ಸೇರಿಸುತ್ತಿದ್ದರು. ಬೆಳಕು ಜಾಸ್ತಿ ಬಿದ್ದ ಕಡೆ ನಡುವೆ ಬೆಳ್ಳಗಾಗಿ ಅಂಚಿನಲ್ಲಷ್ಟೇ ಬಣ್ಣ ಉಳಿಯುತ್ತಿತ್ತು. ನಾವು ಪರದೆ ಮೇಲೆ ನೋಡಿ ಮೆಚ್ಚಿದ್ದು ಅದನ್ನು. ಹಾಗಾಗಿ ಬಿಳಿ ಎಲ್‌ಇಡಿ ಹಾಕಿ, ಬಟರ್ ಪೇಪರ್ ಅಂಚಿಗೆ ಮಾತ್ರ ಗ್ಲಾಸ್ ಕಲರ್ ಹಚ್ಚಿ. ಕಿತ್ತಳೆ.

ಮಾಟುಂಗಾ ಶಾರದಾ:
ನೀಲಿ.

ಡೊಂಬಿವಲಿ ಪ್ರಸನ್ನ:
ಭಾನುವಾರ ಗ್ರ್ಯಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಂದ ಎಲ್ಲ ತಂದೆ. ಎರಡು ಎಂಜಿನ್ ಆಯಿತು. ಬಿಳಿ ಎಲ್‌ಇಡಿ ಮೂರು ಮೂರು, ಹಿಂದಕ್ಕೆ, ಎರಡು ಬಟರ್ ಪೇಪರ್. ಚುಕ್ಕಿ ಮಾಯ! ಬಾಯಿ ತುಂಬ ಹಾಲಿನಂಥ ಬೆಳಕು, ಅಂಚಲ್ಲಿ ನೀಲಿ ಗೆರೆ (ಗಿರೀಶ್, ಕ್ಷಮಿಸಿ). ಮೂರನೆಯದಕ್ಕೆ ಅವಸರ ಮಾಡಿ ಉಜ್ಜದೆ ಕ್ವಿಕ್ ಗಮ್ ಹಾಕಿದೆ. ನಾಝಲ್ ಅಂಟಲಿಲ್ಲ, ಎರಡು ಬೆರಳು ಅಂಟಿದವು. ಹೆಂಡತಿ ಇನ್ನೂ ಏನೂ ಹೇಳಿಲ್ಲ. ಆದರೆ ಟಿವಿ ಪಕ್ಕದಲ್ಲಿದ್ದ ಹೂದಾನಿ ತೆಗೆದು ಜಾಗ ಮಾಡಿದ್ದಾಳೆ.

ಪುಣೆ ಗಿರೀಶ:
ಇಂಧನ ಯಾವುದು ಅಂತ ಕೊನೆಗೂ ಹೇಳಲಿಲ್ಲ.

ಡೊಂಬಿವಲಿ ಪ್ರಸನ್ನ:
ಕೆಮ್ಮಿನ ಸಿರಪ್.